ಗೋಲಿನ ತಟ್ಟೆ

ನಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಮೇಲೆ, ಮೂರು ಮೊಳೆಗಳ ಆಧಾರದಲ್ಲಿ, ಒಂದು ಅಗಲವಾದ ಕಂಚಿನ ತಟ್ಟೆ ಕೂತಿರುತ್ತಿತ್ತು. ಅಪ್ಪ ಗಲ್ಲಾದಲ್ಲಿ ಕುಳಿತರೆ ಅದು ಸರಿಯಾಗಿ ಅವರ ತಲೆಯ ಹಿಂದೆ ಬರುತ್ತಿತ್ತು. ಬೆಳಗಿನ ಬಿಸಿಲು ಬಾಗಿಲು ದಾಟಿ ಒಳಗೆ ಬಂದು ಅದರ ಮೇಲೆ ಬಿದ್ದಾಗ, ಉತ್ಸವಮೂರ್ತಿಗೆ ಪ್ರಭಾವಳಿ ಕಟ್ಟಿದ ಹಾಗೆ ಕಾಣುತ್ತಿದ್ದರು ಅಪ್ಪ. ಬಂದ ಗಿರಾಕಿಗಳು ಮೊದಲು ತಟ್ಟೆ ನೋಡುತ್ತಿದ್ದರು, ಆಮೇಲೆ ಅಪ್ಪನನ್ನು. ಅಪ್ಪನಿಗೆ ಅದು ಗೊತ್ತಿತ್ತು. ದಿನವೂ ತಾವೇ ಹುಣಸೆಹಣ್ಣು ಹಾಕಿ ಅದನ್ನು ತಿಕ್ಕಿ, ಪಂಚೆಯ ತುದಿಯಿಂದ ಒರೆಸಿ ಕೂರಿಸುತ್ತಿದ್ದರು. ಹೋಟೆಲಿನ ಬೇರೆ ಯಾವ ಪಾತ್ರೆಯನ್ನೂ ಅವರು ತೊಳೆದದ್ದನ್ನು ನಾನು ಕಂಡಿಲ್ಲ.

ಅದು ಗೋಲಿನ ತಟ್ಟೆ. ನಮ್ಮೂರ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಯಾರು ಗೋಲು ಹೊಡೆಯುತ್ತಾನೋ ಅವನಿಗೆ ನಮ್ಮ ಹೋಟೆಲಿನಲ್ಲಿ ಎರಡು ಹೊತ್ತಿನ ಊಟ, ಆ ತಟ್ಟೆಯಲ್ಲೇ. ಮೊದಲ ಅನ್ನಕ್ಕೆ ತುಪ್ಪ ಬಡಿಸುವವರು ಸ್ವತಃ ಅಪ್ಪ. ಇನ್ನೊಬ್ಬ ಗೋಲು ಹೊಡೆಯುವವರೆಗೂ ತಟ್ಟೆ ಅವನದು. ಇನ್ನೊಬ್ಬ ಹೊಡೆದ ದಿನ ಅದು ಅವನ ಕೈಗೆ. "ಒಬ್ಬನ ಹತ್ರಾನೇ ಕೂತ್ರೆ ಕಿಲುಬು ಹಿಡೀತದೆ. ಕೈ ಬದಲಾಯಿಸ್ತಾ ಇರ್ಬೇಕು, ಆಗಲೇ ಹುಡುಗರಿಗೆ ಹುರುಪು" ಎನ್ನುತ್ತಿದ್ದರು. ಆ ಕಟ್ಟಳೆಯನ್ನು ಮಾಡಿದವರೂ ಅವರೇ, ಅದನ್ನು ಕಂಡು ಎಲ್ಲರಿಗಿಂತ ಹೆಚ್ಚು ಹಿಗ್ಗುತ್ತಿದ್ದವರೂ ಅವರೇ.

ಅಪ್ಪ ಚೆಂಡನ್ನು ಕಾಲಿನಿಂದ ಮುಟ್ಟಿದವರಲ್ಲ. ಆದರೆ ಪಂದ್ಯವಿದ್ದ ದಿನ ಮಧ್ಯಾಹ್ನದ ಊಟ ಮುಗಿಯುತ್ತಲೇ ಗಲ್ಲಾಕ್ಕೆ ಬೀಗ ಹಾಕಿ, ಒಂದು ಚೀಲ ಕಿತ್ತಳೆಹಣ್ಣು ಹಿಡಿದು ಮೈದಾನಕ್ಕೆ ಹೊರಡುತ್ತಿದ್ದರು. ಅದೇ ಕಾಲೇಜಿನಲ್ಲಿ ಓದುತ್ತಿದ್ದ ನಾನೂ ಜೊತೆಗೆ ಹೋಗುತ್ತಿದ್ದೆ. ಆಟ ನನಗೆ ಅಷ್ಟೇನೂ ತಿಳಿಯುತ್ತಿರಲಿಲ್ಲ. ನಾನು ಚೆಂಡಿಗಿಂತ ಮುಖಗಳನ್ನು ನೋಡುವವಳು. ಚಿಕ್ಕಂದಿನಿಂದಲೂ ಹೀಗೆ: ನಾಲ್ಕು ಜನ ಸೇರಿದರೆ ಯಾರ ದನಿ ಏರುತ್ತದೆ, ಯಾರ ಮುಖ ಸಪ್ಪಗಾಗುತ್ತದೆ ಎಂದು ಎದೆ ಹಿಡಿದುಕೊಂಡು ಕಾಯುವ ಸ್ವಭಾವ. ಅಪ್ಪ ಗ್ಯಾಲರಿಯಲ್ಲಿ ಎದ್ದು ನಿಂತು ಕೂಗಿದಾಗಲೆಲ್ಲ ನಾನು ಸುತ್ತ ಇದ್ದವರನ್ನು ನೋಡುತ್ತಿದ್ದೆ. ಯಾರಾದರೂ ನಗುತ್ತಿದ್ದಾರೆಯೇ? ನಗುತ್ತಿದ್ದರೆ ಅಪ್ಪನ ಜೊತೆಗೋ, ಅಪ್ಪನನ್ನು ಕಂಡೋ?

ಆ ವರ್ಷ ಕೂಗು ಹೆಚ್ಚಾಗಿತ್ತು, ಏಕೆಂದರೆ ಗೋಲುಗಳು ನಿಂತುಹೋಗಿದ್ದವು. ಹಿಂದಿನ ಸಾಲಿನ ಹುಡುಗರು ಕಲ್ಲುಗೋಡೆಯಂತೆ ನಿಲ್ಲುತ್ತಿದ್ದರು. ನಮ್ಮ ಮೇಲೆ ಗೋಲು ಹೊಡೆಯುವುದು ಯಾರಿಗೂ ಸುಲಭವಿರಲಿಲ್ಲ. ಆದರೆ ಚೆಂಡು ಎದುರಾಳಿಯ ಗೋಲಿನ ಹತ್ತಿರ ಹೋಗುತ್ತಿದ್ದಂತೆ ಏನೋ ಆಗಿಬಿಡುತ್ತಿತ್ತು. ಮುಂದಿನ ಸಾಲಿನಲ್ಲಿ ಇಬ್ಬರು ಗಟ್ಟಿಗರಿದ್ದರು, ಕೆಂಪರಾಜು ಮತ್ತು ಸಿದ್ದಪ್ಪಾಜಿ. ಇಬ್ಬರೂ ಹಾಸ್ಟೆಲಿನ ಹುಡುಗರು, ಒಂದೇ ಕೋಣೆಯವರು. ಇಬ್ಬರ ಕಾಲಿನಲ್ಲೂ ಮಿಂಚಿತ್ತು. ಆದರೆ ಒಬ್ಬ ಇನ್ನೊಬ್ಬನಿಗೆ ಚೆಂಡು ಕೊಡುತ್ತಿರಲಿಲ್ಲ. ಕಂಡ ಕಂಡಲ್ಲಿಂದ ಒದೆಯುತ್ತಿದ್ದರು. ಚೆಂಡು ಕಂಬದ ಮೇಲೆ, ಕಂಬದ ಆಚೆ, ಒಮ್ಮೆ ಹಿಂದಿನ ಬೇಲಿ ಹಾರಿ ದನದ ಕೊಟ್ಟಿಗೆಯೊಳಗೆ.

ತಪ್ಪೆಲ್ಲ ಪಿ.ಟಿ. ಮೇಷ್ಟ್ರದು ಎಂದು ಊರು ತೀರ್ಮಾನಿಸಿತು. ಅವರ ಹೆಸರು ಲಾಜರ್. ಬೇರೆ ಊರಿನಿಂದ ಬಂದವರು, ಕಪ್ಪಗೆ ತೆಳ್ಳಗೆ, ಕೊರಳಲ್ಲಿ ಸೀಟಿ. ಯಾರೊಂದಿಗೂ ಹೆಚ್ಚು ಮಾತಿಲ್ಲ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಸಂಜೆ ನಮ್ಮ ಹೋಟೆಲಿನ ಮೂಲೆಯ ಮೇಜಿನ ಸುತ್ತ ಊರಿನ ಅರ್ಧ ಬುದ್ಧಿವಂತರು ಸೇರುತ್ತಿದ್ದರು. ಅಪ್ಪ ಗಲ್ಲಾ ನನ್ನ ಕೈಗೆ ಕೊಟ್ಟು ಅಲ್ಲಿಗೆ ಹೋಗಿಬಿಡುತ್ತಿದ್ದರು. ತಂಡಕ್ಕೆ ಅಂಗಿ ಚಡ್ಡಿ ಹೊಲಿದುಕೊಡುತ್ತಿದ್ದ ದರ್ಜಿ ಖಲೀಲ್ ಸಾಹೇಬರು ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡೇ ಬರುತ್ತಿದ್ದರು.

"ನೋಡ್ರಿ, ಈ ಲೋಟ ಕೆಂಪ. ಈ ಚಟ್ನಿ ಬಟ್ಟಲು ಸಿದ್ದ" ಎಂದು ಅಪ್ಪ ಮೇಜಿನ ಮೇಲೆ ಆಟ ಹೂಡುತ್ತಿದ್ದರು. "ಇವೆರಡು ಇಡ್ಲಿ ಎದುರಾಳಿ ಬ್ಯಾಕು. ಈ ವಡೆ ಗೋಲ್‌ಕೀಪರ್ರು. ಲೋಟ ಹಿಂಗ್ ಬಂತು. ಇಡ್ಲಿ ಎರಡೂ ಲೋಟದ ಮೇಲೆ ಬಿದ್ವು. ಚಟ್ನಿ ಇಲ್ಲಿ ಒಂಟಿ ನಿಂತದೆ. ಲೋಟ ಏನ್ ಮಾಡ್ಬೇಕು?"

"ಚಟ್ನಿಗೆ ಕೊಡ್ಬೇಕು."

"ಕೊಟ್ಟನಾ? ಇಲ್ಲ! ಯಾಕೆ? ಹೇಳ್ಕೊಡೋ ಮೇಷ್ಟ್ರಿಗೇ ಗೊತ್ತಿಲ್ಲ. ಮುಂದಿನ ಆಟ ಅನ್ನೋದು ಆ ಮನುಷ್ಯನ ತಲೇಲೇ ಇಲ್ಲ. ಏನ್ ಸಾಹೇಬ್ರೇ?"

ಖಲೀಲ್ ಸಾಹೇಬರ ಬಾಯಿ ತುಂಬಿತ್ತು. ಅಪ್ಪ ಮೇಜು ನೋಡಿಕೊಂಡರು.

"ಗೋಲ್‌ಕೀಪರ್ ಎಲ್ಲಿ?"

"ಕ್ಷಮಿಸಿ ದೇವೀರಪ್ಪಣ್ಣ. ಬಿಸಿ ಇತ್ತು, ತಿಂದ್ಬಿಟ್ಟೆ. ಈಗಾದ್ರೂ ಹೊಡೀರಿ ಗೋಲು, ಬಾಗಿಲಲ್ಲಿ ಯಾರೂ ಇಲ್ಲ!"

ಹೋಟೆಲೆಲ್ಲ ನಗುತ್ತಿತ್ತು. ಅಂಥ ಹೊತ್ತಿನಲ್ಲಿ ಅಪ್ಪ ನನಗೆ ತುಂಬ ಇಷ್ಟವಾಗುತ್ತಿದ್ದರು.

ಆದರೆ ಅದೇ ಗಲ್ಲಾದಲ್ಲಿ ಕುಳಿತು ನಾನು ಬೇರೆ ಕೆಲವು ಸಂಗತಿಗಳನ್ನೂ ಕಂಡಿದ್ದೆ. ವರ್ಷದ ಮೊದಲ ಗೋಲು ಸಿದ್ದಪ್ಪಾಜಿಯದು. ಅವನು ಊಟ ಮಾಡುವಾಗ ಎಡಗೈಯನ್ನು ತಟ್ಟೆಯ ಸುತ್ತ ಬಳಸಿ ಇಟ್ಟುಕೊಳ್ಳುತ್ತಿದ್ದ. ಯಾರೂ ಕಿತ್ತುಕೊಳ್ಳುವವರಿರಲಿಲ್ಲ, ಆದರೂ. ಮುಂದಿನ ಪಂದ್ಯದಲ್ಲಿ ಕೆಂಪರಾಜು ಗೋಲು ಹೊಡೆದ. ಮರುದಿನ ಮಧ್ಯಾಹ್ನ ಅಪ್ಪ ಅವನನ್ನು ಕೂರಿಸಿ ತುಪ್ಪ ಬಡಿಸುತ್ತಿದ್ದಾಗ ಸಿದ್ದಪ್ಪಾಜಿ ಅಭ್ಯಾಸಬಲದಿಂದ ಬಾಗಿಲವರೆಗೆ ಬಂದ. ತಟ್ಟೆಯ ಮುಂದೆ ಗೆಳೆಯ ಕೂತಿದ್ದನ್ನು ಕಂಡು ನಿಂತ. ಆಮೇಲೆ, ನೀರು ಕುಡಿಯಲೆಂದೇ ಬಂದವನ ಹಾಗೆ, ಬಾಗಿಲ ಪಕ್ಕದ ಗುಡಾಣದಿಂದ ಒಂದು ಲೋಟ ನೀರು ಕುಡಿದ, ಇನ್ನೊಂದು ಲೋಟ ಕುಡಿದ, ಬಾಯೊರೆಸಿಕೊಂಡು ಹೊರಟುಹೋದ. ಕೆಂಪರಾಜು ತಲೆ ಎತ್ತಲಿಲ್ಲ. ಅಪ್ಪನ ಬೆನ್ನು ಬಾಗಿಲ ಕಡೆಗಿತ್ತು.

ಅದಾದ ಮೇಲೆ ಗೋಲೇ ಬರಲಿಲ್ಲ. ತಟ್ಟೆ ಕೆಂಪರಾಜುವಿನ ಬಳಿಯೇ ಉಳಿಯಿತು.

ಲಾಜರ್ ಮೇಷ್ಟ್ರು ಆಗ ಊರಿಗೆ ಅರ್ಥವಾಗದ ಒಂದು ಕೆಲಸ ಮಾಡಿದರು. ರೈಸ್ ಮಿಲ್ಲಿನವರ ಮಗ ಮಲ್ಲಿನಾಥನನ್ನು ಮುಂದಿನ ಸಾಲಿನ ನಡುವೆ ತಂದು ನಿಲ್ಲಿಸಿದರು. ಮಲ್ಲಿನಾಥ ಒಳ್ಳೆಯ ಹುಡುಗ. ಆದರೆ ಗುಂಡುಗುಂಡಗೆ, ನಾಲ್ಕು ಹೆಜ್ಜೆ ಓಡಿದರೆ ಏದುಸಿರು. ಚೆಂಡು ಸಿಕ್ಕರೆ ಸಾಕು, ಕಾಲಿಗೆ ಕೆಂಡ ತಾಕಿದವನ ಹಾಗೆ ಪಕ್ಕದವನಿಗೆ ತಳ್ಳಿಬಿಡುತ್ತಿದ್ದ. ಅವನು ಬಂದ ಮೇಲೆ ಒಂದೆರಡು ಸಲ ಚೆಂಡು ಗೋಲಿನ ಬಾಗಿಲವರೆಗೂ ಹೋಯಿತು. ಒಮ್ಮೆ ಕಂಬಕ್ಕೇ ಬಡಿಯಿತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

"ಅಕ್ಕಿ ಮೂಟೆ! ಅಕ್ಕಿ ಮೂಟೆ!" ಎಂದು ಗ್ಯಾಲರಿ ಕೂಗಿತು.

"ಮೂಟೆ ಮೇಷ್ಟ್ರ ಮನೆಗೂ ಹೋಗಿರ್ಬೇಕು ಬಿಡ್ರಿ" ಎಂದು ಅಪ್ಪ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಜನ ಗೊಳ್ಳೆಂದರು. ಮೇಷ್ಟ್ರು ಬೆಂಚಿನ ಮೇಲೆ ಕುಳಿತಿದ್ದವರು ತಿರುಗಿ ನೋಡಲಿಲ್ಲ. ಅವರ ಕತ್ತಿನ ಹಿಂಭಾಗ ಮಾತ್ರ ಬಿಗಿಯಿತು. ನನಗೆ ಅಲ್ಲಿಂದ ಎದ್ದುಹೋಗಬೇಕೆನ್ನಿಸಿತು. ಆದರೆ ಅಪ್ಪ ಕಿತ್ತಳೆಯ ತೊಳೆ ಬಿಡಿಸಿ, ಬೀಜ ತೆಗೆದು, ನನ್ನ ಅಂಗೈಗೆ ಇಟ್ಟರು. "ತಿನ್ನು ಮಗಳೇ, ಬಿಸಿಲು" ಎಂದರು. ನಾನು ತಿಂದೆ.

ಅದೇ ವಾರ ಹೋಟೆಲಿನ ಕಪ್ಪು ಹಲಗೆಯ ಮೇಲೆ ಹೊಸ ತಿಂಡಿಯೊಂದು ಕಾಣಿಸಿಕೊಂಡಿತು. ಅಪ್ಪನ ಸೊಟ್ಟ ಅಕ್ಷರ: "ಇಂದಿನ ವಿಶೇಷ. ಲಾಜರ್ ದೋಸೆ. ಪಲ್ಯ ಒಳಗೆ ಹೋಗುವುದಿಲ್ಲ." ಮಸಾಲೆ ದೋಸೆಯೇ, ಪಲ್ಯವನ್ನು ಮಾತ್ರ ಹೊರಗಿಟ್ಟು ಕೊಡುವುದು. ಊರು ನಕ್ಕು ನಕ್ಕು ಸುಸ್ತಾಯಿತು. ಕಾಲೇಜಿನ ಉಪನ್ಯಾಸಕರು ಕೂಡ ಬಂದು ಅದನ್ನೇ ಕೇಳಿ ತಿಂದರು. ತರಗತಿಯಲ್ಲಿ ಹಿಂದಿನ ಬೆಂಚಿನವರು ನನ್ನನ್ನು "ಏನ್ರೀ, ಇವತ್ತಾದ್ರೂ ಪಲ್ಯ ಒಳಗೆ ಹೋಯ್ತಾ?" ಎಂದು ಕೇಳತೊಡಗಿದರು.

ಒಂದು ಬೆಳಗ್ಗೆ ಅಪ್ಪ ಇಲ್ಲದಾಗ ನಾನು ಆ ಸಾಲನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಅಪ್ಪ ಬಂದವರು ನೋಡಿದರು. ನನ್ನನ್ನು ಬೈಯಲಿಲ್ಲ. "ಹಲಗೆ ಒಣಗಲಿ" ಎಂದು ಕಾದು, ಮತ್ತೆ ಬರೆದರು, ಈ ಸಲ ಇನ್ನೂ ದಪ್ಪಗೆ.

ಮೇಷ್ಟ್ರು ದಿನವೂ ಬೆಳಗ್ಗೆ ಕಾಫಿಗೆ ನಮ್ಮಲ್ಲಿಗೇ ಬರುತ್ತಿದ್ದರು. ಅವರು ಇನ್ನು ಬರಲಾರರು ಎಂದುಕೊಂಡಿದ್ದೆ. ಬಂದರು. ಹಲಗೆಯ ಮುಂದೆ ನಿಂತು ಪೂರ್ತಿ ಓದಿದರು.

"ನನ್ನ ಹೆಸರಿಂದೇ ಒಂದು ಕೊಡಿ" ಎಂದು ಹೇಳಿ ಕುಳಿತರು. ದೋಸೆ ಬಂತು. ಅವರು ಪಲ್ಯವನ್ನು ಬೆರಳಿನಿಂದ ಎತ್ತಿ ದೋಸೆಯ ನಡುವೆ ಇಟ್ಟು, ನೀಟಾಗಿ ಮಡಿಸಿ, ತಿಂದರು. ಕಾಫಿ ಕುಡಿದರು. ನನ್ನ ಮುಂದೆ ಬಂದು ದುಡ್ಡು ಇಟ್ಟು, "ಚೆನ್ನಾಗಿತ್ತಮ್ಮ" ಎಂದರು. ವ್ಯಂಗ್ಯವಿರಲಿಲ್ಲ. ಅದಿದ್ದಿದ್ದರೆ ನಾನು ತಲೆಯೆತ್ತಿ ನೋಡುತ್ತಿದ್ದೆನೇನೋ.

ಕೆಲವು ದಿನಗಳ ನಂತರ, ಊಟದವರೆಲ್ಲ ಹೋಗಿ ಹೋಟೆಲು ಖಾಲಿಯಿದ್ದ ಮಧ್ಯಾಹ್ನ, ಅವರು ಮತ್ತೆ ಬಂದರು. ಅವ್ವ ಒಳಗೆ ಉದ್ದು ಆರಿಸುತ್ತಿದ್ದಳು. ನಾನು ಅವಳ ಪಕ್ಕದಲ್ಲಿದ್ದೆ. ಅಡುಗೆಮನೆಯ ಅರ್ಧ ಬಾಗಿಲಿನ ಮೇಲಿಂದ ಗಲ್ಲಾ ಕಾಣುತ್ತಿತ್ತು.

"ಕಾಫಿ ತರಿಸ್ಲಾ?" ಅಪ್ಪ ಕೇಳಿದರು. ಎಷ್ಟು ಸಿಟ್ಟಿದ್ದರೂ ಬಾಗಿಲಿಗೆ ಬಂದವರನ್ನು ಆ ಮಾತು ಕೇಳದೆ ಇರುವವರಲ್ಲ.

"ಬೇಡ. ಒಂದು ವಿಷಯ ಕೇಳೋಣ ಅಂತ ಬಂದೆ. ಆ ತಟ್ಟೆ ಸ್ವಲ್ಪ ದಿನ ಕೆಳಗೆ ಇಡ್ತೀರಾ ದೇವೀರಪ್ಪನವರೇ?"

ಅಪ್ಪ ತಿರುಗಿ ತಟ್ಟೆ ನೋಡಿದರು. "ಯಾಕೆ, ಹೊಳೆಯೋದು ಕಣ್ಣಿಗೆ ಚುಚ್ಚುತ್ತಾ?"

"ಕೆಳಗಿಡೋಕೆ ಆಗಲ್ಲ ಅಂದ್ರೆ ಟೀಮಿಗೆಲ್ಲ ಒಂದೊಂದು ಹೊತ್ತು ಊಟ ಹಾಕಿ. ಪಂದ್ಯದ ದಿನ ಮಾತ್ರ ಹಾಕಿದ್ರೂ ಸಾಕು. ಗೋಲು ಹೊಡೆದವನಿಗೆ ಮಾತ್ರ ಅನ್ನೋದು ಬೇಡ."

"ಕಾರಣ?"

ಮೇಷ್ಟ್ರು ಸೀಟಿಯ ದಾರವನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ಅವರ ಆಟಕ್ಕೆ ಅದು ಒಳ್ಳೇದಲ್ಲ. ಅಷ್ಟೇ ಹೇಳಬಲ್ಲೆ."

"ಅಲ್ರೀ ಮೇಷ್ಟ್ರೇ, ನಾನು ಅನ್ನ ಹಾಕ್ತಾ ಇರೋದು ಒಳ್ಳೇದಲ್ವಾ? ನಿಮಗೆ ಗೋಲು ಹೊಡೆಸೋಕೆ ಬರಲ್ಲ, ಅದಕ್ಕೆ ನನ್ನ ತಟ್ಟೆ ಮೇಲೆ ದೂರು? ನಾಳೆ ಸೋತ್ರೆ ನಮ್ಮ ಸಾರಲ್ಲಿ ಉಪ್ಪು ಜಾಸ್ತಿ ಆಗಿತ್ತು ಅಂತೀರಾ?"

"ನೀವು ಹಾಕೋ ಅನ್ನದ ಮೇಲೆ ನಂಗೆ ಗೌರವ ಇದೆ" ಎಂದರು ಮೇಷ್ಟ್ರು. ನಮಸ್ಕಾರ ಮಾಡಿ ಹೋದರು.

ನಾನು ಹೊರಗೆ ಬಂದೆ. ನನ್ನ ತಲೆಯಲ್ಲಿ ಗುಡಾಣದ ಮುಂದೆ ನಿಂತು ನೀರು ಕುಡಿದ ಸಿದ್ದಪ್ಪಾಜಿ ಇದ್ದ. "ಅಪ್ಪ, ಕೆಂಪರಾಜುಗೆ ಸಿದ್ದಪ್ಪಾಜಿ ಕಾಣಲ್ಲ ಅಂತಲ್ಲ. ನೋಡ್ತಾನೆ. ನೋಡಿ ಮುಖ ತಿರುಗಿಸ್ಕೊಳ್ತಾನೆ. ನಾನು ಕಂಡಿದ್ದೀನಿ. ಚೆಂಡು ಕೊಟ್ರೆ ಇವನ ಊಟ ಹೋಗುತ್ತಲ್ಲ..."

"ಲೇ ತಾಯಿ, ಅವ್ರಿಬ್ಬರೂ ಒಂದೇ ಚಾಪೇಲಿ ಮಲಗೋರು. ಒಂದು ತುತ್ತು ಅನ್ನಕ್ಕೆ ಹಂಗ್ ಮಾಡ್ತಾರಾ?" ಅಪ್ಪ ನಿಜಕ್ಕೂ ನೊಂದವರಂತೆ ನನ್ನನ್ನು ನೋಡಿದರು. "ಅಷ್ಟು ಹಸಿದೋರು ಅಂತ ಅಂದ್ಕೊಂಡಿದ್ದೀಯಾ ನಮ್ಮ ಕಾಲೇಜು ಹುಡುಗರನ್ನ? ಓದಿದೋಳು, ಹಂಗೆಲ್ಲ ಕೀಳಾಗಿ ಯೋಚನೆ ಮಾಡ್ಬಾರ್ದು."

ಆ ಸಂಜೆಯ ಹೊತ್ತಿಗೆ ಊರಿಡೀ ಸುದ್ದಿಯಾಗಿತ್ತು: ಪಿ.ಟಿ. ಮೇಷ್ಟ್ರು ಬಂದು ಹುಡುಗರ ಬಾಯಿಂದ ಅನ್ನ ಕಸಿಯೋಕೆ ನೋಡಿದರಂತೆ. ಮೂಲೆಯ ಮೇಜಿನಲ್ಲಿ ಅಂದು ಯಾರೂ ತಮಾಷೆ ಮಾಡಲಿಲ್ಲ. ಮೇಷ್ಟ್ರನ್ನು ಬದಲಾಯಿಸಬೇಕು, ಮಲ್ಲಿನಾಥನನ್ನು ಕೂಡಲೇ ಮುಂದಿನ ಸಾಲಿನಿಂದ ತೆಗೆಯಬೇಕು ಎಂದು ಪ್ರಿನ್ಸಿಪಾಲರಿಗೆ ಅರ್ಜಿ ಕೊಡುವುದೆಂದಾಯಿತು. ಬರೆದುಕೊಡಲು ಅಪ್ಪ ನನ್ನನ್ನು ಕೇಳಿದರು. ನಾನು ಪರೀಕ್ಷೆಯ ನೆಪ ಹೇಳಿದೆ. ವಕೀಲರ ಗುಮಾಸ್ತರೊಬ್ಬರು ಬರೆದರು. ಖಲೀಲ್ ಸಾಹೇಬರ ಅಂಗಡಿಯ ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಅದನ್ನು ಹರಡಿ ಪೇಟೆಯವರೆಲ್ಲ ರುಜು ಹಾಕಿದರು. ಮೊದಲ ರುಜು ಅಪ್ಪನದು.

ಹೊಳೆಯಾಚೆಯ ಊರಿನ ಕಾಲೇಜಿನೊಡನೆ ಕೊನೆಯ ಪಂದ್ಯ. ಗೋಲಿಲ್ಲದಿದ್ದರೂ ಒಂದೂ ಪಂದ್ಯ ಸೋಲದೆ ಬಂದಿದ್ದರಿಂದ, ಇದನ್ನು ಗೆದ್ದರೆ ಕಪ್ಪು. ನಮ್ಮ ಊರಿಗೆ ಆ ಕಪ್ಪು ಬಂದು ಎಷ್ಟೋ ಕಾಲವಾಗಿತ್ತು. ಅಂಗಡಿಗಳು ಮುಚ್ಚಿದವು. ಗ್ಯಾಲರಿ ತುಂಬಿ ಜನ ಕಾಂಪೌಂಡಿನ ಮೇಲೆ, ಮರದ ಮೇಲೆ ಕೂತಿದ್ದರು. ಮಲ್ಲಿನಾಥ ಬೆಂಚಿನ ಮೇಲಿದ್ದ, ಮೇಷ್ಟ್ರ ಪಕ್ಕದಲ್ಲಿ, ತೊಡೆಯ ಮೇಲೆ ಕೈಯಿಟ್ಟುಕೊಂಡು. ಅರ್ಜಿಯ ಅರ್ಧ ಕೆಲಸ ಆಗಿತ್ತು. "ಈಗ ನೋಡಿ ಆಟ" ಎಂದರು ಅಪ್ಪ.

ಆಟ ಮೊದಲಿನ ಹಾಗೆಯೇ ಇತ್ತು. ಕೆಂಪರಾಜು ದೂರದಿಂದ ಒದ್ದ. ಸಿದ್ದಪ್ಪಾಜಿ ಇನ್ನೂ ದೂರದಿಂದ ಒದ್ದ. ಎರಡೂ ಕಡೆ ಗೋಲಿಲ್ಲ. "ಪಾಸ್ ಕಲಿಸ್ರೀ ಮೇಷ್ಟ್ರೇ!" "ಮನೇಗೆ ಹೋಗ್ರೀ!" ಎಂಬ ಕೂಗು ಅಲೆಯಲೆಯಾಗಿ ಹೋಗುತ್ತಿತ್ತು. ಅಪ್ಪನ ಗಂಟಲು ಕಟ್ಟಿತ್ತು. ಆದರೂ ಬಿಡಲಿಲ್ಲ. ಅವರ ಕೈಯಲ್ಲಿ ಸುಲಿದ ಕಿತ್ತಳೆ ಹಾಗೆಯೇ ಇತ್ತು.

ಇನ್ನೇನು ಮುಗಿಯುತ್ತದೆ ಎನ್ನುವಾಗ ಚೆಂಡು ಕೆಂಪರಾಜುವಿಗೆ ಸಿಕ್ಕಿತು. ಅವನು ಒಬ್ಬನನ್ನು ತಪ್ಪಿಸಿದ. ಇನ್ನಿಬ್ಬರು ಅವನ ಮೇಲೆ ಬಂದರು. ಗೋಲ್‌ಕೀಪರ್ ಕೂಡ ಅವನ ಕಡೆಗೇ ಸರಿದ. ಎಡಗಡೆ ಸಿದ್ದಪ್ಪಾಜಿ ಒಂಟಿಯಾಗಿ ನಿಂತಿದ್ದ, ಮೇಜಿನ ಮೇಲಿನ ಚಟ್ನಿ ಬಟ್ಟಲಿನ ಹಾಗೆ. ಅವನ ಮುಂದೆ ಗೋಲು ಬಾಗಿಲು ತೆರೆದಿತ್ತು. ಇಡೀ ಮೈದಾನ ಉಸಿರು ಹಿಡಿಯಿತು. ಅಷ್ಟು ಜನರಿದ್ದೂ ಅಂಥ ಮೌನವನ್ನು ನಾನು ಬೇರೆಲ್ಲೂ ಕೇಳಿಲ್ಲ. ಕೆಂಪರಾಜು ತಲೆಯೆತ್ತಿ ಸಿದ್ದಪ್ಪಾಜಿಯನ್ನು ನೋಡಿದ. ಮುಖ ತಿರುಗಿಸಿದ.

ಆಗ ಸಿದ್ದಪ್ಪಾಜಿ ಕೂಗಿದ.

"ಕೊಡೋ ಕೆಂಪ! ತಟ್ಟೆ ನೀನೇ ಇಟ್ಕೊ! ಊಟ ನಿಂಗೇ ಬಿಡ್ತೀನಿ ಕಣೋ, ಕೊಡೋ!"

ಆ ಮೌನದಲ್ಲಿ ಒಂದೊಂದು ಮಾತೂ ಮರದ ಮೇಲಿದ್ದವರಿಗೂ ಕೇಳಿಸಿತು. ಕೆಂಪರಾಜು ಕೊಟ್ಟ. ಅವನ ಕಾಲು ತಾನಾಗಿ ಕೊಟ್ಟ ಹಾಗಿತ್ತು. ಸಿದ್ದಪ್ಪಾಜಿ ಚೆಂಡನ್ನು ಒದೆಯಲೂ ಇಲ್ಲ, ಸುಮ್ಮನೆ ಒಳಗೆ ತಳ್ಳಿದ.

ಕಪ್ಪು ನಮ್ಮದಾಯಿತು. ದೂರದಲ್ಲಿದ್ದವರು ಹಾರಿ ಕುಣಿದರು, ತಮಟೆ ಬಡಿದರು. ಆದರೆ ನಮ್ಮ ಸುತ್ತಲಿನ ಸಾಲುಗಳಲ್ಲಿ ಚಪ್ಪಾಳೆ ಎದ್ದ ಹಾಗೆ ಎದ್ದು ಬಿದ್ದುಹೋಯಿತು. ಖಲೀಲ್ ಸಾಹೇಬರು ಕೊರಳಿನ ಅಳತೆಪಟ್ಟಿಯನ್ನು ತೆಗೆದು ಸುತ್ತಿ ಜೇಬಿಗೆ ಹಾಕಿಕೊಂಡರು. ಯಾರೋ ಹಿಂದಿನಿಂದ, "ಊಟ ಬಿಡ್ತೀನಿ ಅಂದ್ನಾ?" ಎಂದು ಮೆಲ್ಲಗೆ ಕೇಳಿದರು. ಜನ ಅಪ್ಪನನ್ನು ನೋಡಲಿಲ್ಲ. ನೋಡದೆ ಇರುವುದಕ್ಕೆ ಅವರು ಪಡುತ್ತಿದ್ದ ಪ್ರಯಾಸವನ್ನು ನಾನು ನೋಡಿದೆ. ಮೈದಾನದಲ್ಲಿ ಗೋಲು ಹೊಡೆದವನು ಓಡಲಿಲ್ಲ, ಕೈಯೆತ್ತಲಿಲ್ಲ. ಕೆಂಪರಾಜು ಹುಲ್ಲಿನ ಮೇಲೆ ಕೂತು ಮೊಣಕಾಲಿಗೆ ಹಣೆ ಒತ್ತಿಕೊಂಡಿದ್ದ. ಲಾಜರ್ ಮೇಷ್ಟ್ರು ಅವನ ಪಕ್ಕಕ್ಕೆ ನಡೆದು ಹೋಗಿ, ಜನರಿಗೂ ಅವನಿಗೂ ನಡುವೆ ಮರೆಯಾಗಿ ನಿಂತರು.

ಅಪ್ಪ ಕಿತ್ತಳೆಯನ್ನು ಚೀಲಕ್ಕೆ ಹಾಕಿದರು. ದಾರಿಯಲ್ಲಿ ಒಂದೇ ಮಾತು ಆಡಿದರು. "ನೀನು ಹೇಳಿದ್ದೆ" ಎಂದರು. ಅವರು ಮತ್ತೆ ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಮಧ್ಯಾಹ್ನ ಅಪ್ಪ ತಟ್ಟೆ ತೊಳೆದು ಮೇಜಿನ ಮೇಲಿಟ್ಟರು. ಅದರ ಪಕ್ಕದಲ್ಲಿ ಇನ್ನೊಂದು ತಟ್ಟೆ, ಮನೆಯದು, ನನ್ನದು. ಎರಡಕ್ಕೂ ಅನ್ನ ಬಡಿಸಿ ತುಪ್ಪದ ಗಿಂಡಿ ಹಿಡಿದು ಬಾಗಿಲ ಕಡೆ ಮುಖ ಮಾಡಿ ನಿಂತರು. ಇಬ್ಬರೂ ಬರಲಿಲ್ಲ. ಅನ್ನ ಆರಿತು, ಗಿಂಡಿಯಲ್ಲಿ ತುಪ್ಪ ಬೆಳ್ಳಗೆ ಗಟ್ಟಿಯಾಯಿತು. ಬಂದ ಗಿರಾಕಿಗಳು ಆ ಮೇಜನ್ನು ಬಳಸಿ ಹೋಗಿ ದೂರ ಕುಳಿತರು.

ಸಂಜೆ ಅಪ್ಪ ನನ್ನನ್ನು ಕರೆದುಕೊಂಡು ಹಾಸ್ಟೆಲಿಗೆ ಹೋದರು. ಹೆಣ್ಣುಮಗಳು ಜೊತೆಗಿದ್ದರೆ ಹುಡುಗರು ಒರಟಾಗಿ ಮಾತಾಡಲಾರರು ಎಂದುಕೊಂಡಿದ್ದರೋ ಏನೋ. ಗೇಟಿನ ಬಳಿ ನಿಂತು ಹೇಳಿ ಕಳಿಸಿದರು. ಇಬ್ಬರೂ ಬಂದರು, ಜೊತೆಯಾಗಿಯೇ. ಒರಟುತನ ಏನೂ ಇರಲಿಲ್ಲ. ಕೈಕಟ್ಟಿಕೊಂಡು ನಿಂತರು.

"ಬರ್ಲೇ ಇಲ್ಲವಲ್ಲಪ್ಪಾ" ಎಂದರು ಅಪ್ಪ. "ಇಬ್ಬರೂ ಬನ್ನಿ. ಇವತ್ತಿಂದ ಇಬ್ಬರಿಗೂ. ಟೀಮಿಗೆಲ್ಲಾನೂ ಹಾಕ್ತೀನಿ. ಗೋಲು ಗೀಲು ಏನೂ ಬೇಡ."

"ಊಟ ಆಯ್ತು ಸಾಹುಕಾರ್ರೇ" ಎಂದ ಸಿದ್ದಪ್ಪಾಜಿ.

"ಹ್ಞೂಂ, ನಂದೂ ಆಯ್ತು" ಎಂದ ಕೆಂಪರಾಜು.

ಅದೇ ಹೊತ್ತಿಗೆ ಅವರ ಹಿಂದೆ, ಹಾಸ್ಟೆಲಿನ ಒಳಗೆ, ಊಟದ ಗಂಟೆ ಹೊಡೆಯಿತು. ಹುಡುಗರು ತಟ್ಟೆ ಲೋಟ ಹಿಡಿದು ಓಡುವ ಸದ್ದು ಕೇಳಿಸಿತು. ಇಬ್ಬರೂ ಕದಲಲಿಲ್ಲ. ನಾವು ಹೋಗುವವರೆಗೂ ಅವರು ಹೋಗುವಂತಿರಲಿಲ್ಲ ಎಂದು ನನಗೆ ಹೊಳೆಯಿತು. ನಾನು ಅಪ್ಪನ ತೋಳು ಹಿಡಿದು ಎಳೆದೆ. ಅಪ್ಪ, "ಆಗ್ಲಪ್ಪ, ಆಗ್ಲಿ" ಎನ್ನುತ್ತ ಹಿಂದಕ್ಕೆ ನಡೆದರು. ಎಷ್ಟೋ ದೂರ ಬಂದ ಮೇಲೂ ಅದನ್ನೇ ಅನ್ನುತ್ತಿದ್ದರು.

ಅಲ್ಲಿಂದ ನೇರವಾಗಿ ಪ್ರಿನ್ಸಿಪಾಲರ ಮನೆಗೆ ಹೋದೆವು. ಅಪ್ಪ ಚಪ್ಪಲಿ ಕಳಚಿ ಅಂಗಳದಲ್ಲೇ ನಿಂತು, ಅರ್ಜಿ ವಾಪಸು ಕೊಡಿ ಎಂದು ಕೇಳಿದರು. ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿಕೊಂಡರು. "ದೇವೀರಪ್ಪನವರೇ, ಪಂದ್ಯಕ್ಕೆ ಮುಂಚೇನೇ ಆಡಳಿತ ಮಂಡಳಿ ತೀರ್ಮಾನ ಮಾಡಿಯಾಯ್ತು. ಹೊಸಬರು ಒಪ್ಪಿಕೊಂಡೂ ಆಯ್ತು. ಲಾಜರ್‌ಗೆ ನಿನ್ನೆ ಬೆಳಗ್ಗೇನೇ ತಿಳಿಸಿದ್ವಿ. ನೀವೇ ಅಲ್ವಾ ಅವಸರ ಮಾಡಿದ್ದು?"

ಎಂದರೆ ಬೆಂಚಿನ ಮೇಲೆ ಕುಳಿತು ಆ ಕೂಗನ್ನೆಲ್ಲ ಕೇಳುತ್ತಿದ್ದಾಗಲೇ ಮೇಷ್ಟ್ರಿಗೆ ಕೆಲಸ ಹೋದದ್ದು ಗೊತ್ತಿತ್ತು.

ಊರು ಬಿಡುವ ಬೆಳಗ್ಗೆ ಮೇಷ್ಟ್ರು ಕಾಫಿಗೆ ಬಂದರು, ಕೈಯಲ್ಲಿ ಒಂದು ಟ್ರಂಕು. ಹಲಗೆಯ ಮೇಲೆ ಏನೂ ಬರೆದಿರಲಿಲ್ಲ. ಅಪ್ಪ ಗಲ್ಲಾದಿಂದ ಎದ್ದು, ತಾವೇ ಒಳಗೆ ಹೋಗಿ, ತಾವೇ ದೋಸೆ ತಂದು ಅವರ ಮುಂದಿಟ್ಟರು. ಪಲ್ಯ ಒಳಗಿತ್ತು.

"ನೀವು ಅವತ್ತು ಒಂದು ಮಾತು ಬಿಡಿಸಿ ಹೇಳಿದ್ರೆ..." ಎಂದರು ಅಪ್ಪ.

"ಏನಂತ ಹೇಳ್ಲಿ? ಹುಡುಗರಿಗೆ ಹೊಟ್ಟೆಗೆ ಸಾಲ್ತಿಲ್ಲ ಅಂತ್ಲಾ? ಅವರು ನನ್ನ ಹತ್ರಾನೂ ಹೇಳಿರ್ಲಿಲ್ಲ. ಆಟ ನೋಡಿ ತಿಳ್ಕೊಂಡಿದ್ದು." ಮೇಷ್ಟ್ರು ದೋಸೆಯ ತುದಿ ಮುರಿದರು. "ಮಲ್ಲಿನಾಥ ಮನೇಲಿ ಉಂಡು ಬರೋ ಹುಡುಗ. ಬೇರೆಯವರಿಗೆ ಚೆಂಡು ಕೊಡೋದ್ರಲ್ಲಿ ಅವನು ಕಳ್ಕೊಳೋದು ಏನೂ ಇರ್ಲಿಲ್ಲ. ಅದಕ್ಕೇ ಅವನನ್ನ ನಡುವೆ ಹಾಕಿದ್ದೆ. ನಂಗೆ ಹೊಳೆದ ದಾರಿ ಅದೊಂದೇ."

"ಊರೆಲ್ಲ ನಿಮಗೆ ಬೈತಾ ಇತ್ತಲ್ಲ ಮೇಷ್ಟ್ರೇ."

"ಬೈಯೋದಾದ್ರೆ ನನ್ನ ಬೈಲಿ. ಅವರನ್ನ ಅಯ್ಯೋ ಪಾಪ ಅನ್ನೋದು ಬೇಡ ಅನ್ಸಿತ್ತು. ಕೊನೆಗೆ ಅದೂ ತಪ್ಪಲಿಲ್ಲ." ಕಾಫಿ ಒಂದು ಗುಟುಕು ಕುಡಿದು ಹೇಳಿದರು: "ಇಬ್ಬರೂ ಬೂಟು ತಂದು ನನ್ನ ಬಾಗಿಲಲ್ಲಿ ಇಟ್ಟು ಹೋದ್ರು. ಇನ್ನು ಆಡಲ್ವಂತೆ."

ಅಪ್ಪ ನಾನು ಕೂತಿದ್ದ ಗಲ್ಲಾದ ಹಿಂದೆ ಬಂದು ನಿಂತರು. ಮೇಷ್ಟ್ರು ಎದ್ದು ಕೈತೊಳೆದುಕೊಂಡು ನನ್ನ ಮುಂದೆ ಬಂದು ಜೇಬಿಗೆ ಕೈ ಹಾಕಿದರು. ನಾನು ಬೇಡವೆಂದು ತಲೆಯಾಡಿಸಿದೆ. ಅವರು ನನ್ನನ್ನು ನೋಡಿದರು, ನನ್ನ ಹಿಂದೆ ನಿಂತಿದ್ದ ಅಪ್ಪನನ್ನು ನೋಡಿದರು, ಜೇಬಿನಿಂದ ಕೈ ತೆಗೆದರು. ಅವತ್ತಿನ ತಿಂಡಿಯ ದುಡ್ಡು ಕೊಡದೆ ಹೋದದ್ದು, ಅಪ್ಪನಿಗೆ ಅವರು ಕೊಟ್ಟು ಹೋದ ದೊಡ್ಡ ಮರ್ಯಾದೆಯೆಂದು ನಾನು ಈಗಲೂ ತಿಳಿದಿದ್ದೇನೆ.

ಅವರು ತಿರುವು ದಾಟಿ ಮರೆಯಾದ ಮೇಲೆ ಅಪ್ಪ ಸ್ಟೂಲು ಹಾಕಿಕೊಂಡು ಹತ್ತಿ ತಟ್ಟೆಯನ್ನು ಇಳಿಸಿದರು. ಅವ್ವ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು.

ಒಲೆಯ ಹೊಗೆಯಿಂದ ನಮ್ಮ ಹೋಟೆಲಿನ ಗೋಡೆಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು. ತಟ್ಟೆ ಇದ್ದ ಜಾಗ ಮಾತ್ರ ಬೆಳ್ಳಗೆ, ದುಂಡಗೆ ಉಳಿದುಕೊಂಡಿತ್ತು. ಮೊಳೆಗಳನ್ನೂ ಕಿತ್ತಾಯಿತು. ಅಪ್ಪ ಸುಣ್ಣ ಹೊಡೆಸಿದರು. ಹೊಗೆ ಮತ್ತೆ ಹಿಡಿದಾಗ ಅದು ಯಾಕೋ ಮತ್ತೆ ಮಸುಕಾಗಿ ಮೂಡಿಕೊಂಡಿತು. ಹಳಬರು ಕೇಳುತ್ತಿರಲಿಲ್ಲ. ಊರಿಗೆ ಹೊಸದಾಗಿ ಬಂದವರು ಕಾಫಿ ಕುಡಿಯುತ್ತ, "ಅಲ್ಲೇನಿತ್ತು ಸಾಹುಕಾರ್ರೇ?" ಎನ್ನುತ್ತಿದ್ದರು.

"ಗಡಿಯಾರ ಇತ್ತು" ಎನ್ನುತ್ತಿದ್ದರು ಅಪ್ಪ. "ಕೆಟ್ಟುಹೋಯ್ತು."

ಹಾಗೆ ಹೇಳಿ ಅವರು ಗಲ್ಲಾದ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗಾಗುತ್ತಿದ್ದರು, ಸ್ವಲ್ಪ ಎಡಕ್ಕೆ ಸರಿಯುತ್ತಿದ್ದರು, ತಲೆಯಿಂದ ಅದನ್ನು ಮರೆಮಾಡಲು. ವಯಸ್ಸಾಗುತ್ತ ಬಂದಂತೆ ಅವರ ತಲೆ ಇನ್ನೂ ಚಿಕ್ಕದಾದ ಹಾಗೆ ಕಾಣುತ್ತಿತ್ತು. ಅದರ ಸುತ್ತ, ಎಷ್ಟು ಸರಿದು ಕೂತರೂ ಮುಚ್ಚಲಾಗದೆ, ಆ ಬಿಳಿಯ ಅಂಚು ಉಳಿದೇ ಇರುತ್ತಿತ್ತು.